ಇಳಿಬಿಟ್ಟ ಎಡಗೈ

“ಮನೇಲಿ ಹೇಗೆ ಮಲಗ್ತೀರೋ ಹಾಗೇ ಮಲಗಿ ತೋರಿಸಿ,” ಅಂದಳು ಫಿಸಿಯೋಥೆರಪಿಸ್ಟ್. ಅವಳಿಗೂ ತಲೆ ಕೆಟ್ಟುಹೋಗಿತ್ತು. ಕಟಿಂಗ್ ಶಾಪಿನ ಯಜಮಾನರು ಕತ್ತರಿ ಹಿಡಿಯುವುದು ಬಲಗೈಯಲ್ಲಿ, ನೋವು ಮಾತ್ರ ಎಡಭುಜಕ್ಕೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ವ್ಯಾಯಾಮಕ್ಕೂ ಅದು ಜಗ್ಗಿಲ್ಲ.

ಯಜಮಾನರು ಬಾಗಿಲ ಬಳಿ ನಿಂತ ಹೆಂಡತಿಯತ್ತ ಕಳ್ಳನೋಟ ಬೀರಿ, ಮಂಚದ ಅಂಚಿಗೆ ಸರಿದು ಬೋರಲಾಗಿ ಮಲಗಿದರು. ಎಡಗೈಯನ್ನು ನೆಲದತ್ತ ಇಳಿಬಿಟ್ಟರು.

“ರಾತ್ರಿಯೆಲ್ಲ ಹೀಗೇನಾ?”

“ಬೆನ್ನುನೋವು ಅಂತ ಇವಳು ಕೆಳಗೆ ಚಾಪೆ ಹಾಸ್ಕೊಂಡು ಮಲಗ್ತಾಳೆ ಮೇಡಂ. ನನ್ನ ಕೈ ಹಿಡ್ಕೊಂಡ್ರೇನೇ ಇವಳಿಗೆ ನಿದ್ದೆ.”

“ನನಗಾ!” ಹೆಂಡತಿ ಕಣ್ಣರಳಿಸಿದಳು. “ನಾನು ಪಕ್ಕದಲ್ಲಿಲ್ದೆ ನಿಮಗೆ ನಿದ್ದೆ ಬರಲ್ಲ, ಪಾಪ, ಅಂತ ಅಲ್ವಾ ನಾನು ಹಿಡ್ಕೊಂಡಿರೋದು? ಬೆಳಗಾಗೋ ಹೊತ್ತಿಗೆ ನನ್ನ ಕೈಯೂ ಜೋಮು ಹಿಡಿದಿರುತ್ತೆ!”

ಫಿಸಿಯೋಥೆರಪಿಸ್ಟ್ ನಗು ತಡೆದುಕೊಂಡಳು. “ಬೆನ್ನಿಗೆ ಗಟ್ಟಿ ಹಾಸಿಗೆ ಸಾಕು ಅಮ್ಮ, ನೆಲವೇ ಬೇಕಂತಿಲ್ಲ. ಇಬ್ಬರೂ ಮೇಲೇ ಮಲಗಿ.”

ಯಜಮಾನರು ಮುಖ ಕಿವುಚಿಕೊಂಡು ಎದ್ದು ಕೂತರು. ಹೆಂಡತಿ ಕೈ ಚಾಚಿದಾಗ, ಅಭ್ಯಾಸಬಲದಿಂದ ಎಡಗೈಯನ್ನೇ ಕೊಟ್ಟರು. ಅವಳು ಅದನ್ನು ಮೆಲ್ಲಗೆ ಅವರ ತೊಡೆಯ ಮೇಲಿಟ್ಟು, ಮಂಚ ಸುತ್ತಿ ಬಂದು, ಬಲಗೈ ಹಿಡಿದುಕೊಂಡಳು.