ಹನ್ನೆರಡು ಕಾವಲುಗಾರರು

ಹಿಂದೆ ಹಿಂದೆ, ಆಡಿನ ಬಾಲ ಇನ್ನೂ ಮೋಟಾಗಿದ್ದ ಕಾಲದಲ್ಲಿ, ಅಂದರೆ ಹೋದ ವಸಂತದಲ್ಲಿ, ಅಲ್ಮಾಟಿ ಊರಾಚೆಯ ತಗಡಿನ ಶೆಡ್ಡೊಂದರಲ್ಲಿ ಆರು ಕೋಣೆಗಳ ಕಬ್ಬಿಣದ ಅರಮನೆಯೊಂದು ಬಾಗಿಲು ಬಿಚ್ಚಿಕೊಂಡು ಬಿದ್ದಿತ್ತು. ಕೋಣೆಗೊಬ್ಬ ರಾಜಕುಮಾರ, ಒಬ್ಬೊಬ್ಬನಿಗೂ ಇಬ್ಬರು ಕಾವಲುಗಾರರು. ರಾಜಕುಮಾರರೆಂದರೆ ಪಿಸ್ಟನ್ನುಗಳು. ಕಾವಲುಗಾರರೆಂದರೆ ಅವುಗಳ ರಾಡನ್ನು ಕ್ರ್ಯಾಂಕಿಗೆ ಬಿಗಿದು ಹಿಡಿಯುವ ಹನ್ನೆರಡು ಬೋಲ್ಟುಗಳು. ಅವುಗಳಲ್ಲಿ ಏಳನೆಯದನ್ನು ಕುರಾಲಾಯ್ ಮೂರನೆಯ ಸಲ ಅಳೆಯುತ್ತಿದ್ದಳು.

ಹೋದ ವರ್ಷ ಇದೇ ರೇಸ್ ಕಾರಿನ ಇಂಜಿನ್ ಕಟ್ಟುವಾಗ ಒಂದೊಂದು ಬೋಲ್ಟಿನ ಉದ್ದವನ್ನೂ ಅವಳು ಗೋಡೆಯ ಮೇಲೆ ಬರೆದಿಟ್ಟಿದ್ದಳು. ಏಳನೆಯದು ಈಗ ಒಂದು ಕೂದಲೆಳೆಯಷ್ಟು ಬೆಳೆದಿತ್ತು. ಎಂಟನೆಯದೂ ಅಷ್ಟೇ. ನೋಡಲು ಎರಡೂ ಹೊಸವುಗಳಂತೆಯೇ ಇದ್ದವು. ಎಳೆದಾಟಕ್ಕೆ ಸಿಕ್ಕಿದ ಉಕ್ಕು ಒಂದು ಹದದವರೆಗೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ದಣಿದ ಮೇಲೆ ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿದುಬಿಡುತ್ತದೆ. ಬೆಳಗಿನಿಂದ ನಿಂತೇ ಇದ್ದ ಕುರಾಲಾಯ್‌ಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಅತಾ, ಏಳು, ಎಂಟು ದಣಿದುಬಿಟ್ಟಿವೆ," ಎಂದಳು.

ಎಲ್ಲರೂ ಅತಾ, ಅಂದರೆ ಅಜ್ಜ, ಎಂದು ಕರೆಯುವ ಅವಳ ಮಾವ ಸಾಪಾರ್ಗಲಿ ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ. ನಲವತ್ತು ವರ್ಷ ಇಂಜಿನ್ ಕಟ್ಟಿದ ಅವನ ಕೈ ಎರಡು ವರ್ಷದಿಂದ ನಡುಗುತ್ತದೆ. ಮಗ, ಅಂದರೆ ಅವಳ ಗಂಡ, ದೂರದ ಎಣ್ಣೆಬಾವಿಯ ಕೆಲಸದಲ್ಲಿದ್ದಾನೆ. ಹೀಗಾಗಿ ಶೆಡ್ಡಿನಲ್ಲಿ ಮಾತು ಮಾವನದು, ಕೈ ಸೊಸೆಯದು. ಶನಿವಾರದ ರೇಸಿಗೆ ಇಂಜಿನ್ ಎದ್ದು ನಿಲ್ಲುತ್ತದೆಂದು ಅವನು ಊರೆದುರು ಮಾತು ಕೊಟ್ಟಿದ್ದ. ಅಂದು ಬುಧವಾರ.

ಕಾರಿನ ಒಡೆಯ ಅಲ್ದಿಯಾರ್ ಹೊಸ ಪಿಸ್ಟನ್ನುಗಳ ಫೋಟೊ ತೆಗೆಯುತ್ತಿದ್ದವನು ತಲೆಯೆತ್ತಿದ. "ದಣಿದಿವೆಯಾ? ಹಾಸಿಗೆ ಹಾಸಿಕೊಡಿ ಅತ್ತಿಗೆ, ಮಲಗ್ಲಿ ಪಾಪ. ಪಿಸ್ಟನ್ ನೋಡಿ ಹೇಗೆ ಮಿಂಚ್ತಿದೆ! ಬೋಲ್ಟು ಯಾರ ಕಣ್ಣಿಗೆ ಬೀಳುತ್ತೆ?"

"ತುಂಡಾದ್ರೆ ಎಲ್ರ ಕಣ್ಣಿಗೂ ಬೀಳುತ್ತೆ."

"ಗೊತ್ತು, ಗೊತ್ತು. ರಾಡು ಇಂಜಿನ್ ಹೊಟ್ಟೆ ಹರ್ಕೊಂಡು ಹೊರಗೆ ಸ್ನೇಹದ ಕೈ ಚಾಚುತ್ತೆ. ಚಾಚಲಿ ಬಿಡಿ, ನಾನೇ ಕುಲುಕ್ತೀನಿ."

"ಇನ್ನೂರು ಕಿಲೋಮೀಟರ್ ವೇಗದಲ್ಲಾ?"

ಅಲ್ದಿಯಾರ್ ಅವಳನ್ನು ಬಿಟ್ಟು ಮುದುಕನ ಕಡೆ ತಿರುಗಿದ. "ಹೊಸ ಬೋಲ್ಟ್ ಬರೋಕೆ ಮೂರು ವಾರ ಬೇಕು. ರೇಸು ಕಾಯುತ್ತಾ? ಅತಾ, ನೀವೇ ಹೇಳಿ."

ಸಾಪಾರ್ಗಲಿ ಏಳನೆಯ ಬೋಲ್ಟನ್ನು ಕಣ್ಣ ಹತ್ತಿರ ಹಿಡಿದ. ಅದು ಅವನ ಬೆರಳುಗಳ ನಡುವೆ ನಡುಗಿತು. "ನಮ್ಮ ಕಾಲದಲ್ಲಿ ಒಂದೇ ಬೋಲ್ಟನ್ನ ಮೂರು ಮೂರು ಇಂಜಿನ್ನಿಗೆ ಹಾಕಿದೀವಿ," ಎಂದ. ಆಮೇಲೆ ಸೊಸೆಯ ಮುಖ ನೋಡದೆ, "ಮಾತು ಕೊಟ್ಟಾಗಿದೆ ಮಗಳೇ. ಹಾಕಿಬಿಡು," ಎಂದ.

ಮಾವನ ಹೆಸರನ್ನೇ ಬಾಯಲ್ಲಿ ಆಡಬಾರದ ಸೊಸೆ, ಮಾವನ ಮಾತಿಗೆ ಎದುರಾಡುವುದು ಹೇಗೆ? ಕುರಾಲಾಯ್ ಕೈ ಒರೆಸಿಕೊಂಡು ಚಹಾ ಬಗ್ಗಿಸಲು ಹೋದಳು. ನಮ್ಮಲ್ಲಿ, ಈ ಅಲ್ಮಾಟಿ ಸೀಮೆಯಲ್ಲಿ, ಅತಿಥಿಯ ಬಟ್ಟಲಿಗೆ ಎರಡೇ ಗುಟುಕು ಬಗ್ಗಿಸಬೇಕು. ಬಟ್ಟಲು ಮತ್ತೆ ಮತ್ತೆ ಸೊಸೆಯ ಕೈಗೆ ಬರುತ್ತಿರಬೇಕು. ಅದು ಮರ್ಯಾದೆ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದರ್ಥ.

ಅಲ್ದಿಯಾರ್ ಫೋನಿನಿಂದ ಕಣ್ಣು ಕೀಳದೆ ಕೈ ಚಾಚಿದ. ಬಿಸಿ ಚಹಾ ಹೆಬ್ಬೆರಳಿನ ಮೇಲೆ ತುಳುಕಿದಾಗ ನೋಡಿದ. ಬಟ್ಟಲು ಅಂಚಿನವರೆಗೂ ತುಂಬಿತ್ತು.

"ಅತಾ! ನೋಡಿದ್ರಾ ನಿಮ್ಮ ಸೊಸೇನ?"

ಸಾಪಾರ್ಗಲಿ ತನ್ನ ಬೂಟು ನೋಡುತ್ತ ಕುಳಿತಿದ್ದ.

"ಸರಿ ಹಾಗಾದ್ರೆ. ಸಾಪಾರ್ಗಲಿ ಮಾತು ಅಂದ್ರೆ ಇಷ್ಟೇ ಅಂತ ಊರಿಗೆಲ್ಲ ಹೇಳ್ತೀನಿ," ಎಂದು ಅಲ್ದಿಯಾರ್ ಬಟ್ಟಲನ್ನು ಕುಕ್ಕಿ ಹೊರಟುಹೋದ.

ಹೇಳಿದ ಕೂಡ. ಶನಿವಾರ ಆ ಕಾರಿಲ್ಲದೆಯೇ ರೇಸು ನಡೆಯಿತು. ಬಿಡಿಭಾಗಗಳ ಸಂತೆಯಲ್ಲಿ ಜನ ಸಾಪಾರ್ಗಲಿಯನ್ನು ಕಂಡು ಮಾತು ನಿಲ್ಲಿಸತೊಡಗಿದರು. ಅವನು ಶೆಡ್ಡು ಬಿಟ್ಟು ಹೊರಗೆ ಹೋಗುವುದನ್ನೇ ಬಿಟ್ಟ. ಸೊಸೆ ಬಗ್ಗಿಸಿದ ಚಹಾ ಮುಟ್ಟಲಿಲ್ಲ. ನಡುಗುವ ಕೈಯಲ್ಲಿ ತಾನೇ ಬಗ್ಗಿಸಿಕೊಂಡ, ಪ್ರತಿ ಸಲ ಅಂಚಿನವರೆಗೆ, ಪ್ರತಿ ಸಲ ಚೆಲ್ಲಿ. ಕುರಾಲಾಯ್ ನೆಲ ಒರೆಸಿದಳು.

ಮೂರನೆಯ ವಾರ ಅಂಚೆಯವನು ಪುಟ್ಟ ಪೆಟ್ಟಿಗೆಯೊಂದನ್ನು ತಂದ. ಒಳಗೆ ಹನ್ನೆರಡು ಹೊಸ ಬೋಲ್ಟುಗಳು. ಚೀಟಿಯ ಮೇಲೆ ಮಾವನ ಹೆಸರು. ತರಿಸಲು ಹೇಳಿದ ದಿನ, ಅಲ್ದಿಯಾರ್ ಬಟ್ಟಲು ಕುಕ್ಕಿ ಹೋದ ಅದೇ ಬುಧವಾರ. ಅವಳು ಚೀಟಿಯನ್ನು ಹಿಡಿದುಕೊಂಡೇ ನಿಂತಳು.

"ಎರಡೇ ಸಾಕಿತ್ತೇನೋ," ಎಂದ ಸಾಪಾರ್ಗಲಿ ಬೆನ್ನು ತಿರುಗಿಸಿಕೊಂಡೇ. "ಉಳಿದ ಹತ್ತೂ ಅದೇ ದಾರಿ ನಡೆದಿವೆಯಲ್ಲ. ಇವತ್ತಲ್ಲ ನಾಳೆ ದಣೀತವೆ."

ಹನ್ನೆರಡನ್ನೂ ಅಳೆದು, ಗೋಡೆಯ ಮೇಲೆ ಹಳೆಯ ಅಂಕಿಗಳ ಪಕ್ಕದಲ್ಲಿ ಬರೆದು, ಅವಳು ಎರಡು ದಿನದಲ್ಲಿ ಅರಮನೆಯ ಬಾಗಿಲು ಮುಚ್ಚಿದಳು. ಸುದ್ದಿ ತಿಳಿದು ಬಂದ ಅಲ್ದಿಯಾರ್ ಒಳಗೆ ಕಾಲಿಡದೆ ಹೊಸ್ತಿಲಾಚೆಯೇ ನಿಂತ. ಕೀಲಿ ತಿರುಗಿತು. ಇಂಜಿನ್ ಒಮ್ಮೆ ಕೆಮ್ಮಿ ಎದ್ದು ನಿಂತಿತು. ಮಾಡಿನ ತಗಡೆಲ್ಲ ಗುಡುಗಿತು. ಸಾಪಾರ್ಗಲಿ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಒತ್ತಿ, ಆರು ಕೋಣೆಗಳನ್ನೂ ಒಂದೊಂದಾಗಿ ಆಲಿಸಿದ. ಏಳು, ಎಂಟು ಕಾವಲಿರುವ ನಾಲ್ಕನೆಯ ಕೋಣೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತ. ಆಮೇಲೆ ಆರಿಸುವಂತೆ ಕೈಸನ್ನೆ ಮಾಡಿದ.

ಕುರಾಲಾಯ್ ಅಲ್ಲೇ ಟೈರಿನ ಮೇಲೆ ಕುಸಿದು ಕೂತಳು. ಮುದುಕ ಚಹಾದ ಪಾತ್ರೆಯ ಹತ್ತಿರ ಹೋಗಿ, ಬಹಳ ಹೊತ್ತು ಅವಳಿಗೆ ಬೆನ್ನು ಹಾಕಿ ನಿಂತಿದ್ದು ಬಂದ. ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ ಬಟ್ಟಲಿನ ತಳದಲ್ಲಿ ಎರಡೇ ಗುಟುಕು ಚಹಾ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.