ಖಾಲಿ ಡಬ್ಬಿ

ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ದೇವರ ಪಾಲೆಂದು ಡಬ್ಬಿಗೆ ಹಾಕಿ, ಭಾನುವಾರ ಚರ್ಚಿಗೆ ತರುವುದು ಆ ಸಭೆಯ ಹೆಂಗಸರ ರೂಢಿ. ಹೊಸದಾಗಿ ಬಂದ ಪಾದ್ರಿಗಳು, ಹೋದ ವಾರ ಐದು ಚೀಲ ಅಕ್ಕಿ ಕೊಟ್ಟಿದ್ದ ಹಿರಿಯರೊಬ್ಬರಿಗೆ ಮೊದಲು ಶಾಲು ಹೊದಿಸಿದರು. ಆಮೇಲೆ ಒಂದೊಂದೇ ಡಬ್ಬಿ ತೆರೆದರು. ಒಂದು ಖಾಲಿ ಇತ್ತು. ಅದನ್ನು ಎಲ್ಲರಿಗೂ ಕಾಣುವಂತೆ ಬೋರಲು ಹಿಡಿದರು.

“ಯಾರ ಮನೀದಿದು? ದೇವರ ಪಾಲೂ ತಿಂದು ಕುಂತೀರೇನು?”

ಹೆಂಗಸರ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು.

“ಅನ್ನಕ್ಕಿಟ್ರ ಹಿಡಿ ತಗೀಬಹುದ್ರಿ. ನಮ್ಮ ಮನ್ಯಾಗ ಒಲಿ ಹಚ್ಚಿ ವಾರ ಆತು. ಮಕ್ಕಳು ಮಂದಿ ಮನ್ಯಾಗ ಉಣ್ಣಾಕತ್ತಾವ.”

“ಯಾಕ? ದುಡಿಯೋ ಗಂಡ ಇಲ್ಲೇನವಾ?”

“ಅದಾರ್ರಿ. ಈಗಷ್ಟ ನೀವು ಶಾಲು ಹೊಚ್ಚಿದ್ರಲ್ರಿ, ಅವರ.”