ಹೊಡೆದುಹಾಕಿದ ವಿಷಯ

“ನಿನಗೆ ತಲೆ ನೆಟ್ಟಗಿದೆಯಾ? ಹದಿನೆಂಟರ ಮಕ್ಕಳ ಬಾಯಿಂದ ಇಂಥ ಮಾತಾಡಿಸ್ತೀಯಾ?”

ಇಂಗ್ಲಿಷ್ ವಿಭಾಗದ ಮುಖ್ಯಸ್ಥರು ಹಾಳೆಯನ್ನು ಮೇಜಿಗೆ ಬಡಿದರು. ಇಂಗ್ಲಿಷ್ ಮಾತುಗಾರಿಕೆಯ ತರಗತಿಗೆ ಚರ್ಚೆಯ ವಿಷಯಗಳನ್ನು ಆರಿಸಿ ತಂದಿದ್ದಳು ಅದರ ಉಪನ್ಯಾಸಕಿ. ಮೊಬೈಲ್ ಗೀಳು, ಪ್ಲಾಸ್ಟಿಕ್ ಕಸ, ನಿರುದ್ಯೋಗ, ಇವಕ್ಕೆ ತಕರಾರಿರಲಿಲ್ಲ. ಕೊನೆಯದನ್ನು ಮಾತ್ರ ಅವರು ಕಾಗದ ಹರಿಯುವಂತೆ ಹೊಡೆದುಹಾಕಿದ್ದರು: ‘ಎಚ್ಚರ ಮರಳದ ರೋಗಿಯ ಉಸಿರಾಟದ ಯಂತ್ರ ನಿಲ್ಲಿಸಬಹುದೇ?’

“ಸಮಾಜಕ್ಕೆ ಹತ್ತಿರವಾದ ವಿಷಯ ಇರಲಿ ಅಂದಿದ್ದು ನೀವೇ.”

“ಸಮಾಜ! ಇದರ ಮಾತೇ ಬೇಡ ಅಂತ ಎಷ್ಟು ಸಲ ಬಡ್ಕೋಬೇಕು?”

“ಎಲ್ಲಾದರೂ ಒಂದು ಕಡೆ ಮಾತಾಡಲೇಬೇಕಲ್ಲ. ನೀವು ಬಾಯಿ ಬಿಡಬೇಡಿ. ಕೂತು ಕೇಳಿಸಿಕೊಳ್ಳಿ, ಸಾಕು.”

ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಗುಮಾಸ್ತ ಬೀರುವಿನೊಳಗೆ ತಲೆ ತೂರಿಸಿ ಏನೋ ಹುಡುಕುವವನಂತೆ ನಿಂತ. ಇವರಿಬ್ಬರ ನಡುವೆ ಬಾಯಿ ಹಾಕುವಷ್ಟು ದಡ್ಡ ಅವನಲ್ಲ.

“ಆ ವಿಷಯ ಎತ್ತಿದೆಯೋ, ನಿನಗೂ ನನಗೂ ಇಲ್ಲಿಗೆ ಮುಗೀತು!”

“ಮುಗೀಲಿ,” ಎಂದು ಅವಳು ಸೀಮೆಸುಣ್ಣ ತೆಗೆದುಕೊಂಡು ಹೊರಟಳು.

ಮುಖ್ಯಸ್ಥರೂ ತರಗತಿಗೆ ಬಂದರು. ಬಂದವರೇ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತರು.

“ಮೇಡಂ ಕೆಲಸಕ್ಕೆ ಕುತ್ತು ಬಂತು ಕಣೋ,” ಒಬ್ಬ ಪಿಸುಗುಟ್ಟಿದ.

ಚರ್ಚೆ ಶುರುವಾಯಿತು. ಮಕ್ಕಳ ಇಂಗ್ಲಿಷ್ ಕುಂಟಿತು, ಮಾತು ನಿಲ್ಲಲಿಲ್ಲ. ಒಬ್ಬ ಪವಾಡ ಎಂದ. ಒಬ್ಬಳು ಖರ್ಚು ಎಂದಳು. ತಪ್ಪು ಕಂಡರೆ ನಡುವೆಯೇ ತಿದ್ದುವ ಉಪನ್ಯಾಸಕಿ ಇಂದು ಒಂದನ್ನೂ ತಿದ್ದಲಿಲ್ಲ.

“ಅವನ ಕೈ ಇನ್ನೂ ಬೆಚ್ಚಗಿದ್ದರೆ?” ಎಂದು ಕೇಳಿದಳು.

“ಯಾರ ಕೈ, ಮೇಡಂ?”

“ರೋಗಿಯದು.”

ಎಂದೂ ತುಟಿ ಬಿಚ್ಚದ ಹುಡುಗಿಯೊಬ್ಬಳು ಎದ್ದಳು. ಇಂಗ್ಲಿಷ್ ಸಾಲದೆ ಮನೆಮಾತಿಗೇ ಇಳಿದಳು. “ನಮ್ಮಜ್ಜೀನ ನಾವು ಹೋಗೋಕೆ ಬಿಡಲೇ ಇಲ್ಲ ಮೇಡಂ. ನಮಗೆ ಭಯ ಇತ್ತು, ಅಷ್ಟೆ. ಅಜ್ಜಿಗೋಸ್ಕರ ಅಂತ ಸುಳ್ಳು ಹೇಳ್ಕೊಂಡ್ವಿ.”

ಹುಡುಗಿ ಕೂತಳು.

“ನಿಲ್ಲಿಸಬಹುದು ಅನ್ನುವವರು ಎದ್ದು ನಿಲ್ಲಿ,” ಎಂದಳು ಉಪನ್ಯಾಸಕಿ.

ಅರ್ಧ ತರಗತಿ ಎದ್ದಿತು. ಅವಳು ಎಣಿಸಲಿಲ್ಲ. ಹಿಂದಿನ ಬೆಂಚನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಮುಖ್ಯಸ್ಥರು ಎದ್ದರು. ಬೆಂಚಿಗೆ ಕೈಯೂರಿ ಒಂದು ಗಳಿಗೆ ನಿಂತರು. ನಂತರ ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿ ಹೋದರು.

“ಸಾರ್‌ಗೆ ಸಿಟ್ಟು ನೆತ್ತಿಗೇರಿತು!” ಯಾರೋ ಕಿಸಕ್ಕೆಂದರು.

ಗಂಟೆ ಹೊಡೆಯಿತು. ಅವರು ಮರಳಿ ಬರಲಿಲ್ಲ. ವಿಭಾಗದ ಕೋಣೆಯಲ್ಲಿ ಅವರ ಕುರ್ಚಿ ಸಂಜೆಯವರೆಗೂ ಖಾಲಿಯೇ ಇತ್ತು.

ಸಂಜೆ ಆಸ್ಪತ್ರೆಯಲ್ಲಿ, ಮಗನ ಹಾಸಿಗೆಯ ಪಕ್ಕ ಒಬ್ಬಳೇ ನಿಂತಿದ್ದ ಉಪನ್ಯಾಸಕಿಯನ್ನು ವೈದ್ಯರು ಮೆಲ್ಲಗೆ ಕೇಳಿದರು: “ಹುಡುಗನ ಅಪ್ಪ ಒಪ್ಪಿದರೇನಮ್ಮ?”

“ಬಾಯಲ್ಲಿ ಹೇಳಲಿಲ್ಲ ಡಾಕ್ಟ್ರೇ,” ಎಂದಳು ಅವಳು. “ಇವತ್ತು ನನ್ನ ತರಗತಿಯಲ್ಲಿ, ಹಿಂದಿನ ಬೆಂಚಿಂದ ಎದ್ದು ನಿಂತರು.”